ಲಿಗಾಯಳ ಕುದುರೆ

ಟಕ್ಲೋಬಾನಿನ ಮೀನುಪೇಟೆಯ ಹಿಂದೆ
ನನ್ನ ಮೊಬೈಲ್ ರಿಪೇರಿ ಅಂಗಡಿ.
ಲಿಗಾಯ ಬಂದಳು, ಮೊಣಕೈವರೆಗೂ ಮೀನಿನ ಹುರುಪೆ.
ಆಟ ಮುಚ್ಚಿತಂತೆ. ನನ್ನ ಕುದುರೆ?

ಇದೆ ಅಂದೆ.
ಕಂಪನಿ ಮುಳುಗಿದರೂ ಖಾತೆ ಮುಳುಗಿಲ್ಲ,
ಸಾವಿರಾರು ಯಂತ್ರಗಳು ಅದನ್ನೇ ಬರೆದುಕೊಂಡು ಕೂತಿವೆ,
ಒಂದು ತಿದ್ದಿದರೆ ಉಳಿದವು ಒಪ್ಪುವುದಿಲ್ಲ.
ಬ್ಲಾಕ್‌ಚೈನ್ ಅನ್ನುತ್ತಾರೆ.
ಸರಪಣಿಯೆ? ಕಟ್ಟಿಹಾಕಿದ್ದಾರಾ ಅದನ್ನ?

ಚಂಡಮಾರುತದ ವರ್ಷ ಅವಳ ಮನೆಯ ಪತ್ರ
ಟ್ರಂಕಿನೊಳಗೇ ಗಂಜಿಯಾಗಿತ್ತು;
ಕಚೇರಿಯ ಪ್ರತಿಯೂ ಅದೇ ನೀರು ಕುಡಿದಿತ್ತು.
ಎಂಟು ವರ್ಷ ಅಲೆದಳು
ನಿಂತ ನೆಲ ತನ್ನದೆಂದು ಹೇಳಿಸಲು.
ಈ ಕುದುರೆಗೋ,
ಹಿಡಿ ಹುಲ್ಲೂ ಬೇಡದ್ದಕ್ಕೆ,
ಅಳಿಸಲಾಗದ ಹಕ್ಕುಪತ್ರ.

ಅಕ್ಕಿ ಡಬ್ಬಿಯ ಮುಚ್ಚಳ ತಂದಿದ್ದಳು.
ಒಳಗೆ ಹನ್ನೆರಡು ಪದ, ಅವಳದೇ ಅಕ್ಷರ.
ಅವಳು ಒತ್ತುವಾಗ
ನಾನು ಬೀದಿಯ ಕಡೆ ಮುಖ ತಿರುಗಿಸಿದೆ.

ಬೇರೊಂದು ಆಟದ ಬಾಗಿಲು ತೆರೆಯಿತು,
ಒಡತಿ ನೀನೇ ಎಂದು ತಕರಾರಿಲ್ಲದೆ ಒಪ್ಪಿತು.
ಕುದುರೆಯೆಂದರೇನೋ ಅದಕ್ಕೆ ಗೊತ್ತಿರಲಿಲ್ಲ,
ಅದು ಹಡಗುಗಳ ಆಟ.
ಬೂದು ಬಣ್ಣದ ಒಂದು ಚೌಕ
ದಡದಲ್ಲಿ ನಿಂತಿತು. ಕಾಲಿಲ್ಲ, ಜೂಲಿಲ್ಲ.

ಸುಮಾರು ಹೊತ್ತು ನೋಡಿದಳು.
ಮಾರಬಹುದೆ?
ಕೊಳ್ಳುವವರಿಲ್ಲ.
ಕದಿಯುವವರು?
ಅವರೂ ಇಲ್ಲ.

ಹಾಗಾದರೆ ಇರಲಿ ಬಿಡು, ಅಂದಳು.
ತೆರೆ ಬರುತ್ತಿತ್ತು ಪರದೆಯ ತುದಿಯಲ್ಲಿ.
ಹೋಗುವ ಮೊದಲು, ಒದ್ದೆ ಬೆರಳಲ್ಲಿ,
ಚೌಕವನ್ನು
ನೀರಿನಂಚಿನಿಂದ ತುಸು ಮೇಲಕ್ಕೆ ಸರಿಸಿದಳು.