ಕಾಚಂಪುಳಿಯಲ್ಲಿ ನೆನೆದ ಬೋಲ್ಟುಗಳು

ಉಮ್ಮರಾಕನ ಹಿತ್ತಲಲ್ಲಿ ಹಲಸಿನ ಬುಡಕ್ಕೆ ಒರಗಿ
ಹತ್ತೊಂಬತ್ತು ವರ್ಷ ನಿಂತಿತ್ತು.
ಎಂಜಿನ್ನಿನ ಮೇಲೆ ಕೋಳಿ ಕಾವಿಗೆ ಕೂತಿತ್ತು.
'ಗಾಡಿ ಬೇರೆ, ಕೋಳಿ ಬೇರೆ' ಎಂದರು ಮೊದಲು.
ನೋಟು ಎಣಿಸಿ ಮುಗಿದ ಮೇಲೆ,
'ತಗೊಂಡು ಹೋಗಿ ಸಿಸ್ಟರೇ,
ಮೊಟ್ಟೆ ಒಡೆಯುವ ತನಕ ಬಾನೆಟ್ ಮುಚ್ಚಬೇಡಿ.'

ಹಾಗೆ ಟ್ರ್ಯಾಕ್ಟರಿನ ಬಾಲ ಹಿಡಿದು
ಸಿದ್ದಾಪುರದಿಂದ ಅಮ್ಮತ್ತಿಗೆ ಬಂತು
ಐವತ್ತಾರರ ವಿಲ್ಲೀಸ್ ಪಿಕಪ್ಪು,
ದಾರಿಯುದ್ದ ಒಂದು ಸಲವೂ ಏಳದೆ ಕೂತವಳ ಸಮೇತ.

ಮೂವತ್ತಮೂರು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ
ಗಾಯದ ಬಟ್ಟೆ ಬಿಚ್ಚಿದ ಕೈ ನನ್ನದು.
ಅಂಟಿಕೊಂಡದ್ದನ್ನು ಎಳೆಯಬಾರದು, ನೆನೆಸಬೇಕು:
ಇಷ್ಟು ಗೊತ್ತಿತ್ತು. ಉಳಿದದ್ದೇನೂ ಗೊತ್ತಿರಲಿಲ್ಲ.

ಬೋಲ್ಟುಗಳು ಸೀಮೆಎಣ್ಣೆಗೆ ಜಗ್ಗಲಿಲ್ಲ,
ಕೋವಿಗೆ ಹಾಕುವ ಎಣ್ಣೆಗೂ ಜಗ್ಗಲಿಲ್ಲ.
ನಾದಿನಿ ದೇಚವ್ವ ಪಂದಿಕರಿಗೆಂದು ಇಟ್ಟಿದ್ದ ಕಾಚಂಪುಳಿ,
ಅಟ್ಟದ ಮೂಲೆಯ ಕರೀ ಶೀಶೆ,
ಕದ್ದು ತಂದು ಬೋಗುಣಿಗೆ ಸುರಿದೆ.
ಮೂರನೆಯ ಬೆಳಿಗ್ಗೆ ತುಕ್ಕು ಕೆಸರಾಗಿ ತಳ ಸೇರಿ
ಬೂದು ಕಬ್ಬಿಣ ಕಣ್ಣು ಬಿಟ್ಟಿತ್ತು.
ಆ ಭಾನುವಾರದ ಕರಿಗೆ ಹುಳಿ ಸಾಲದು.
ದೇಚವ್ವ ನನ್ನ ಉಗುರು ನೋಡಿದಳು,
ಅನ್ನ ಬಡಿಸಿದಳು.

ಗೇರ್‌ಬಾಕ್ಸಿನ ಆಳಕ್ಕೆ ಬಿದ್ದ ವಾಷರನ್ನು
ಆಸ್ಪತ್ರೆಯ ಹಳೇ ಚಿಮಟದಲ್ಲಿ ಹಿಡಿದು ತೆಗೆದಾಗ
ಲೇತಿನ ಹುಡುಗ ಪಳನಿವೇಲು ಚಹಾ ಕೆಳಗಿಟ್ಟ.
'ಎಷ್ಟು ಹೆರಿಗೆ ಮಾಡಿಸಿದ್ದೀರಿ ಸಿಸ್ಟರ್?'
'ನಿನ್ನದೂ ಸೇರಿಸಿಯಾ?' ಎಂದೆ.
ಆಮೇಲೆ ಅವನು ಬುಷ್ಷಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.
'ರಿವರ್ಸ್ ಮಾತ್ರ ಕೇಳಬೇಡಿ. ಹಲ್ಲೇ ಇಲ್ಲ.
ಈ ಹಲ್ಲು ಇನ್ನು ಭೂಮಿ ಮೇಲೆ ಸಿಗಲ್ಲ.'

ಮೊಟ್ಟೆ ಒಡೆದವು. ಹನ್ನೊಂದು.
ಕೀರ ಹಿಡಿದದ್ದು ಬಿಟ್ಟು ಏಳು.

ಬಣ್ಣ ಉಜ್ಜತೊಡಗಿದೆ.
ಮೇಲೆ ಉಮ್ಮರಾಕನ ನೀಲಿ: ಮತ್ತಿ, ಬಂಗುಡೆ,
ಕಣ್ಣೂರಿನಿಂದ ಮಾಕುಟ್ಟ ಘಟ್ಟ ಹತ್ತುತ್ತ ಕರಗಿದ ಐಸು.
ಅದರಡಿ ಒಂದು ಹಸಿರು, ಯಾವುದೋ ಎಸ್ಟೇಟಿನದು.
ಅದರಡಿ, ಎಡಬಾಗಿಲಲ್ಲಿ, ಕುಂಚದಲ್ಲಿ ಬರೆದ
ತಲೆ ಬಾಲ ಇಲ್ಲದ ಅಕ್ಷರಗಳು:
'ತ್ತಳೆ ಬೆಳೆಗಾರರ ಸ'

ಕೈ ನಿಂತಿತು.
ನಾಲಗೆಯ ಬದಿಗಳು ತಾವಾಗಿ ಒದ್ದೆಯಾದವು.
ಸಡಿಲ ಸಿಪ್ಪೆಯ, ಬಾಯ್ತುಂಬ ಬೀಜದ ನಮ್ಮ ಕಿತ್ತಳೆ
ತೋಟದಿಂದ ತೋಟಕ್ಕೆ ಎಲೆ ಹಳದಿಯಾಗಿ ಹೋದದ್ದು
ನಾನು ಲಂಗ ಹಾಕುತ್ತಿದ್ದ ಕಾಲಕ್ಕೆ.
ಈಗ ಸಂತೆಗೆ ಬರುವುದು ನಾಗಪುರದ್ದು.

'ಪೂರ್ತಿ ಬರೆಸು' ಎಂದಳು ದೇಚವ್ವ.
ಯಾವ 'ಸ'? ಸಂಘವೋ, ಸಹಕಾರವೋ, ಸಮಿತಿಯೋ?
ಕೇಳಲು ಯಾರಿದ್ದಾರೆ.
ಅಂಗೈ ಅಗಲದ ಜಾಗ ಹಾಗೇ ಬಿಟ್ಟು ವಾರ್ನಿಶ್ ಎಳೆದೆ,
ಸುತ್ತ ಹೊಸ ಬಣ್ಣ. ದೂರದಿಂದ ನೋಡಿದರೆ
ಗಾಯದ ಪಟ್ಟಿ ಹಚ್ಚಿದ ಹಾಗಿದೆ.

ಕೈಲ್ ಮುಹೂರ್ತದ ಬೆಳಿಗ್ಗೆ
ಒಂದು ತೋಕ್‌ಪೂ ಕೋವಿಯ ಬಾಯಿಗೆ,
ಒಂದು ರೇಡಿಯೇಟರಿನ ಜಾಲರಿಗೆ.
ಹ್ಯಾಂಡಲ್ ತಿರುಗಿಸಿದೆ. ಮೌನ.
ತಿರುಗಿಸಿದೆ. ಭುಜ ಹಿಡಿಯಿತು.
ನಾಲ್ಕನೆಯದಕ್ಕೆ ಕೆಮ್ಮಿತು, ಕಪ್ಪು ಉಗುಳಿ ಮತ್ತೆ ಕೆಮ್ಮಿತು.
ಕೆಮ್ಮು ಕೇಳಿ ಕೇಳಿ ಗೊತ್ತು ನನಗೆ:
ಇದು ಬದುಕುವವರ ಕೆಮ್ಮು.
ಕೋಳಿ ಗಾಲಿಯಡಿಯಿಂದ ಎದ್ದು,
ನನ್ನನ್ನು ಬೈದು, ಪಕ್ಕಕ್ಕೆ ಹೋಯಿತು.

ವಿರಾಜಪೇಟೆ ರಸ್ತೆಯ ಸಣ್ಣ ತಿರುವಿನಲ್ಲಿ
ಎದುರಿಗೆ ಬಸ್ಸು. ಎರಡೂ ಕಡೆ ಬೇಲಿ.
ಹಾರ್ನ್ ಹೊಡೆದ, ಕೈ ಬೀಸಿದ, ಹಿಂದಕ್ಕೆ ಹೋಗಿ ಎಂದ.
ದೇಚವ್ವ ಇಳಿದಳು. ಬಸ್ಸಿನ ಮೂಗಿನ ಮುಂದೆ ನಿಂತು,
'ಇದಕ್ಕೆ ಹಿಂದೆ ಹೋಗಲು ಬರುವುದಿಲ್ಲ' ಎಂದಳು,
ಮಗುವಿಗೆ ಇನ್ನೂ ಮಾತು ಬರುವುದಿಲ್ಲ ಎಂಬಂತೆ.
ಕಂಡಕ್ಟರ್ ಸೀಟಿ ಊದಿದ.
ಐವತ್ತು ತಲೆಗಳು ಕಿಟಕಿಯಿಂದ ನೋಡುತ್ತ ನೋಡುತ್ತ
ಮೋರಿಯ ತನಕ ಹಿಂದಕ್ಕೆ ಹೋದವು.

ಮತ್ತೆ ಹತ್ತಿ ಕೂತು ಮೂಗು ಅರಳಿಸಿದಳು.
'ಮತ್ತಿ ವಾಸನೆ ಇನ್ನೂ ಹೋಗಿಲ್ಲ ನೋಡು.'
ಎರಡು ತಿರುವು ಕಳೆದ ಮೇಲೆ,
ರಸ್ತೆಯನ್ನೇ ನೋಡುತ್ತ,
'ಪೇಟೆಯಲ್ಲಿ ಒಂದು ಶೀಶೆ ಕಾಚಂಪುಳಿ ತೆಗೆದುಕೊಡು.
ದೊಡ್ಡದು.'