ಮೊತ್ತದ ಜಾಗ ಖಾಲಿ ಬಿಡಿ

"ಮೊತ್ತದ ಜಾಗ ಖಾಲಿ ಬಿಡಮ್ಮ" ಎಂದರು
ನಾಗಲಾಂಬಿಕೆ ಮೇಡಂ, ಕೊಡೆ ಮಡಚುತ್ತ.
ಬಿಟ್ಟೆ. ಹನ್ನೆರಡು ಚುಕ್ಕಿ, ಆಮೇಲೆ ‘ರೂಪಾಯಿ ಮಾತ್ರ’.
ಮಂಡ್ಯದ ಕೋರ್ಟಿನೆದುರು, ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ
ಇಪ್ಪತ್ತೊಂದು ವರ್ಷದಿಂದ ನಾನು ಟೈಪು ಮಾಡುವುದು
ಹೆಚ್ಚಾಗಿ ಆ ಚುಕ್ಕಿಗಳನ್ನೇ.

ಅರ್ಜಿದಾರ ಕೆಂಡಗಣ್ಣ ಬಿನ್ ಲೇಟ್ ಮರಿಜೋಗಯ್ಯ,
ವಯಸ್ಸು ನಲವತ್ತೇಳು, ಕಸುಬು ಕ್ಲಾರಿನೆಟ್.
ಬಸರಾಳು ರಸ್ತೆ, ರಾತ್ರಿ ಹನ್ನೊಂದೂವರೆ,
ಆರತಕ್ಷತೆಗೆ ಊದಿ ವಾಪಸು ಬರುವಾಗ
ಕಬ್ಬು ಹೇರಿಕೊಂಡು ನಿಂತೇ ಇದ್ದ ಟ್ರ್ಯಾಲಿ.
ಹಿಂದೆ ದೀಪವಿಲ್ಲ, ಕೆಂಪು ಬಟ್ಟೆಯ ಚೂರೂ ಇಲ್ಲ.

ಎಡಗೈಯ ಎರಡು ಬೆರಳು ಮಡಚುವುದಿಲ್ಲ.
ಡಾಕ್ಟರು ಬರೆದದ್ದು: ಇಡೀ ದೇಹಕ್ಕೆ ಶೇಕಡ ಹನ್ನೊಂದು.
"ದೇಹಕ್ಕೆ ಹನ್ನೊಂದು, ಸರಿ ಕನಕ್ಕ,
ಕ್ಲಾರಿನೆಟ್ಟಿಗೆ ಎಷ್ಟು?" ಅಂದ.
ಆ ಕಾಲಂ ಫಾರಮ್ಮಿನಲ್ಲಿ ಇಲ್ಲ.

ನ್ಯಾಯ ಅವನ ಕಡೆಗಿತ್ತು, ಕಾಗದ ಇರಲಿಲ್ಲ.
ಮದುವೆಗೆ ಸಾವಿರದಿನ್ನೂರು, ಆಷಾಢಕ್ಕೆ ಸೊನ್ನೆ,
ಹಾಡು ಮೆಚ್ಚಿದವರು ಜೇಬಿಗೆ ಸಿಕ್ಕಿಸಿದ ನೋಟಿಗೆ
ಯಾರು ರಸೀತಿ ಕೊಡುತ್ತಾರೆ?
ಲೈಸೆನ್ಸಿನ ಅವಧಿ ಹದಿನೇಳು ದಿನ ಮೊದಲೇ ಮುಗಿದಿತ್ತು.
ಇನ್ನೊಂದು ವಿಷಯ ನನಗೆ ಮಾತ್ರ ಹೇಳಿದ:
ಹೆಲ್ಮೆಟ್ಟು ತಲೆಯ ಮೇಲಿರಲಿಲ್ಲ, ಟ್ಯಾಂಕಿನ ಮೇಲಿತ್ತು,
ಅದರೊಳಗೆ ಟವೆಲ್ಲು ಸುತ್ತಿ ಮಲಗಿಸಿದ್ದ
ಕ್ಲಾರಿನೆಟ್ಟಿನ ಬಾಯಿ.

ಆ ಕಡೆಯವರಿಗೂ ನಿದ್ದೆ ಇರಲಿಲ್ಲ.
ಇನ್ಶೂರೆನ್ಸಿನ ಹುಡುಗ ಲಾಯರು ಟೀ ಅಂಗಡಿಯಲ್ಲಿ
ಫೋನು ಕಿವಿಗಿಟ್ಟು ಹೇಳುತ್ತಿದ್ದ:
"ಕಟಕಟೆಗೆ ಹತ್ತಿಸಿದರೆ ವಾದ್ಯ ತರುತ್ತಾನೆ ಸಾರ್.
ಜಡ್ಜ್ ಎದುರು ಊದಿಬಿಟ್ಟು, ಆ ಎರಡು ಸ್ವರ
ಬೀಳಬೇಕಾದಲ್ಲಿ ಬರೀ ಗಾಳಿ ಬಂದರೆ
ಹನ್ನೊಂದು ಪರ್ಸೆಂಟು ಯಾರು ಕೇಳುತ್ತಾರೆ?"

ಮೇಡಂ ಲೆಕ್ಕ ಹೇಳಿದರು. ನಡೆಸಿದರೆ ಎಂಟು ಲಕ್ಷ ಬರಬಹುದು,
ಎರಡೂ ಬರಬಹುದು. ಬಂದರೂ ಅಪೀಲು, ನಾಲ್ಕು ವರ್ಷ.
ಹೆಂಡತಿ ಪುಟ್ನಿಂಗಮ್ಮ ಸ್ಕೂಲಿಗೆ ಹೋದವಳಲ್ಲ:
"ಕೋರ್ಟು ಕೊಡೋ ಬಡ್ಡಿ ವರ್ಸಕ್ಕೆ ಆರು ಅಂತೀರಿ.
ಆಸ್ಪತ್ರೆಗೆ ನಾ ತಂದ ಕೈಸಾಲ
ತಿಂಗಳಿಗೆ ಮೂರು."
ಅಷ್ಟೇ. ಕೇಸು ಅಲ್ಲೇ ಮುಗಿದಿತ್ತು.

ಶನಿವಾರ ಲೋಕ ಅದಾಲತ್ತು. ಇವರು ಏಳು, ಅವರು ಮೂರು.
ದನದ ಜಾತ್ರೆಯವರಾದರೂ ಟವೆಲ್ಲಿನ ಕೆಳಗೆ
ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ, ಮಾನ ಉಳಿಯುತ್ತದೆ.
ಇಲ್ಲಿ ಫ್ಯಾನಿನ ಕೆಳಗೆ, ಎಲ್ಲರ ಮುಂದೆ.
ಅಲ್ಲದೆ, ಮಡಚದ ಬೆರಳು ಹಿಡಿದವನಿಗೆ
ಯಾವ ಲೆಕ್ಕ ತಿಳಿದೀತು?

ನಾಲ್ಕು ಲಕ್ಷದ ಎಂಬತ್ತು ಸಾವಿರ.
ಚುಕ್ಕಿಗಳ ಮೇಲೆ ನೀಲಿ ಶಾಯಿ, ಜಾಗ ಸಾಲದೆ
‘ಸಾವಿರ’ ಅಂಚಿಗೆ ಹತ್ತಿತು.
ಕೆಂಡಗಣ್ಣ ಓದಿದ, ನಿಧಾನಕ್ಕೆ, ಕೊನೆಯವರೆಗೆ.
‘ಮುಂದೆ ನನ್ನದು ಯಾವ ತಕರಾರೂ ಇರುವುದಿಲ್ಲ.’
"ಇದೊಂದು ಸಾಲು ತೆಗೀಬೋದಾ ಅಕ್ಕ?
ಒಂಚೂರು ಇರ್ಲಿ ತಕರಾರು."
ನಾನು ಮೇಡಂ ಮುಖ ನೋಡಿದೆ, ಮೇಡಂ ಕೊಡೆ ನೋಡಿದರು.
ಅವರು ದುಡ್ಡು ಕೊಡುತ್ತಿರುವುದೇ
ಆ ಸಾಲಿಗಪ್ಪಾ, ಬೆರಳಿಗಲ್ಲ.
ಹೇಳಲಿಲ್ಲ. ಅವನು ಸಹಿ ಹಾಕಿದ.

ಮೆಟ್ಟಿಲ ಹತ್ತಿರ ಟ್ರ್ಯಾಲಿಯ ಯಜಮಾನ ಚನ್ನಿಂಗೇಗೌಡ
ಚಪ್ಪಲಿ ನೋಡುತ್ತ ಅಂದ:
"ಎರಡು ಕೆಂಪು ಲೈಟು ಹಾಕ್ಸಿವ್ನಿ ಕನಪ್ಪ."
ಅದನ್ನು ಯಾರೂ ಟೈಪು ಮಾಡಿಸಲಿಲ್ಲ.

ಸಂಜೆ ಫೈಲು ತೆರೆದೆ. ಹೆಸರು ಅಳಿಸಿದೆ, ಊರು ಅಳಿಸಿದೆ,
ಬೆರಳು ಅಳಿಸಿದೆ. ಸೋಮವಾರಕ್ಕೆ
ಮದ್ದೂರಿನವರ ಮೊಣಕಾಲಿದೆ.
ಕೊನೆಯ ಸಾಲು ಹಾಗೇ ಬಿಟ್ಟೆ,
ಅದು ಎಲ್ಲರಿಗೂ ಒಂದೇ.