ಬಿಳಿ ವೈರು

ಸೀಟು ಎತ್ತಿದರೆ ಬ್ಯಾಟರಿಯ ಪಕ್ಕದಲ್ಲಿ,
ಸೂಜಿಗೆ ಪೋಣಿಸಿ ಮರೆತ ದಾರದ ಹಾಗೆ ಇರುತ್ತೆ.
ಅದು ಇರುವ ತನಕ ಗಾಡಿ ಇಪ್ಪತ್ತೈದು ದಾಟುವುದಿಲ್ಲ.
ಇಪ್ಪತ್ತೈದು ದಾಟದ್ದಕ್ಕೆ, ಇನ್ನೂರೈವತ್ತು ವ್ಯಾಟು ಮೀರದ್ದಕ್ಕೆ
ನಂಬರಿಲ್ಲ, ಲೈಸೆನ್ಸಿಲ್ಲ.
ಸರ್ಕಾರದ ಕಣ್ಣಿಗೆ ಅದು ಬೈಕೇ ಅಲ್ಲ,
ಬೆವರು ಬೇಡದ ಸೈಕಲ್ಲು.

ನಗೀನಾ ಕೊಂಡಿದ್ದೇ ಅದಕ್ಕೆ.
ಎಲ್ಲೆಲ್ಲಾರ್ ಪರೀಕ್ಷೆಗೆ ಎರಡು ಸಲ ಕೂತು
ಪರದೆಯ ಮೇಲಿನ ಅಕ್ಷರ ಕೂಡಿಸುವಷ್ಟರಲ್ಲಿ
ಟೈಮು ಮುಗಿದು ಎದ್ದು ಬಂದವಳು.
ಪೆನ್ಷನ್ ಮೊಹಲ್ಲಾದಿಂದ ಆರೂವರೆಗೆ ಹೊರಟರೆ
ಸಾಲಗಾಮೆ ರಸ್ತೆಯ ಹಾಸ್ಟೆಲ್ಲುಗಳ ತನಕ
ಯಾರದೋ ಹೋಟೆಲಿನ ಇಡ್ಲಿ, ಯಾರದೋ ಹಸಿವು,
ನಡುವೆ ಇವಳು.

"ಇಪ್ಪತ್ತೈದ್ರಲ್ಲಿ ಹೋದ್ರೆ ಇಡ್ಲಿ ಆರೋಗುತ್ತೆ ಆಚಾರ್ರೇ,
ಫೋನಲ್ಲಿ ಸ್ಟಾರು ಉದುರುತ್ತೆ.
ಸೈಕಲ್ ಹುಡುಗ್ರೂ ನನ್ನ ದಾಟ್ಕೊಂಡು
ತಿರುಗಿ ನೋಡಿ ನಗ್ತಾರೆ."

ನಾನೂ ನಕ್ಕೆ. ಇಕ್ಕಳ ತಗೊಂಡೆ.
ಉಗುರು ಕತ್ತರಿಸಿದ್ದಕ್ಕಿಂತ ಸಣ್ಣ ಸದ್ದು.
ದೊಡ್ಡ ಕಂಟ್ರೋಲರು ಕೂರಿಸಿದೆ,
ಅದು ಬೇಡುವಷ್ಟು ಮೋಟಾರೂ ಹಾಕಿದೆ,
ಬ್ರೇಕು ಮಾತ್ರ ಹಳೆಯದೇ ಬಿಟ್ಟೆ. ಅವಳು ಕೇಳಲಿಲ್ಲ,
ನಾನು ಹೇಳಲಿಲ್ಲ.
ಕೂಲಿಯಲ್ಲಿ ನೂರು ರೂಪಾಯಿ ವಾಪಸು ಕೊಟ್ಟೆ,
ದೊಡ್ಡ ಮನುಷ್ಯನ ಹಾಗೆ.

ಡೈರಿ ಸರ್ಕಲ್ ತನಕ ಟ್ರಯಲ್ ಹೋಗಿ ಬಂದಳು.
ಐವತ್ತೆಂಟು!
ದುಪಟ್ಟಾ ಕುತ್ತಿಗೆಯಿಂದ ಬಿಚ್ಚುತ್ತಾ
ಅವಳ ಮುಖದಲ್ಲಿ ಇದ್ದದ್ದನ್ನ ನಾನು ಇವತ್ತೂ
ತಪ್ಪು ಅಂತ ಕರೆಯಲಾರೆ.

*

ಸಣ್ಣರಂಗಯ್ಯ ರೈಲ್ವೆ ಗೇಟು ಕಾದವನು, ಮೂವತ್ತೊಂದು ವರ್ಷ.
ಎರಡೂ ಕಣ್ಣಿಗೆ ಪೊರೆ.
ರಸ್ತೆ ದಾಟುವುದು ಕಿವಿಯಿಂದ:
ಬುಲೆಟ್ಟು ಬಂದರೆ ನಿಲ್ಲು, ಆಟೋ ಬಂದರೆ ನಿಲ್ಲು,
ಕೆಎಸ್ಸಾರ್ಟಿಸಿಗೆ ಎರಡು ಹೆಜ್ಜೆ ಹಿಂದೆ.
ಏನೂ ಇಲ್ಲದಿದ್ದರೆ
ಏನೂ ಇಲ್ಲ.

ಆ ಬೆಳಿಗ್ಗೆ ಏನೂ ಇರಲಿಲ್ಲ.
ಕೋಲು ಕೆಳಗಿಟ್ಟು ಹೆಜ್ಜೆ ಕೆಳಗಿಟ್ಟು
ಖಾಲಿ ಅಂದುಕೊಂಡ ರಸ್ತೆಗೆ ಇಳಿದ.

ಇಡ್ಲಿ ಮೋರಿಯ ತನಕ ಚೆಲ್ಲಿತ್ತಂತೆ.
ಅವನ ಮಣಿಕಟ್ಟು, ಇವಳ ಕೊರಳೆಲುಬು,
ಸಾಂಬಾರು ನೋಡಿ ರಕ್ತ ಅಂದುಕೊಂಡು
ಹೂವಿನವಳು ಕೂಗಿದಳಂತೆ. ರಕ್ತ ಕಮ್ಮಿಯೇ.

ಠಾಣೆಯಲ್ಲಿ ಬರೆಯುವವರು ಪೆನ್ನು ಹಿಡಿದು ಕೇಳಿದರು:
"ಗಾಡಿ ನಂಬರ್?"
ಇಲ್ಲ ಸಾರ್.
"ಲೈಸೆನ್ಸ್?"
ಇದಕ್ಕೆ ಬೇಡ ಅಂದಿದ್ರು ಸಾರ್.
"ಇನ್ಶೂರೆನ್ಸ್?"
ಅವಳು ಸುಮ್ಮನಿದ್ದಳು.
"ಬೇಡ ಅಂದಿದ್ದು ಇಪ್ಪತ್ತೈದಕ್ಕಮ್ಮ.
ಐವತ್ತೆಂಟಕ್ಕೆ ಎಲ್ಲಾ ಬೇಕು,
ಹೆಲ್ಮೆಟ್ಟಿಂದ ಹಿಡಿದು.
ಈಗ ಇವರ ಆಸ್ಪತ್ರೆ ಖರ್ಚು ಯಾರು ಕೊಡೋದು?
ನೀನು ಗುದ್ದಿದ್ದು ಯಾವುದರಲ್ಲಿ ಅಂತ ಬರೀಲಿ?
ಸೈಕಲ್ಲು ಅಂತಲಾ, ಮೋಟಾರ್ ಸೈಕಲ್ಲು ಅಂತಲಾ?"

ನಡುವೆ ಒಂದೂವರೆ ಗೇಣು ವೈರು.

"ಲಾಕ್ ತೆಗೆದಿದ್ದು ಯಾರು?"
ಆ ಪ್ರಶ್ನೆಗೂ ಅವಳು ಸುಮ್ಮನಿದ್ದಳು.
ಗಾಡಿ ಅಲ್ಲೇ ನಿಂತಿದೆ, ಬೇವಿನ ಮರದ ಕೆಳಗೆ,
ಯಾವ ಕಾಲಮ್ಮಿಗೂ ಸೇರದೆ.
ಅವಳೀಗ ಎಡಗೈ ಕಟ್ಟಿಕೊಂಡು
ಮೊಬೈಲು ಬೋರಲು ಹಾಕಿ ಕೂತಿರುತ್ತಾಳೆ.

*

ನಿನ್ನೆ ಸಣ್ಣರಂಗಯ್ಯ ಅಂಗಡಿಗೆ ಬಂದ.
ಬೆಂಚಿನ ಮೇಲೆ ಪ್ಲಾಸ್ಟರಿನ ಕೈ ಮಗುವಿನಂತೆ ಮಲಗಿಸಿ
ಟೀ ಕುಡಿದ. ಬೈಯಲಿಲ್ಲ. ಅವನಿಗೆ ಒಂದೇ ಸೋಜಿಗ:
"ಗೂಡ್ಸು ಅರಸೀಕೆರೆ ಬಿಟ್ಟದ್ದು
ಹಳಿಗೆ ಕಿವಿ ಇಟ್ಟು ಹೇಳ್ತಿದ್ದೆ ಕಣಯ್ಯ.
ಇದು ಎದೆ ಮುಟ್ಟೋ ತನಕ ಗೊತ್ತಾಗ್ಲಿಲ್ಲ.
ಅಂಥಾದ್ದು ಎಂಥಾದ್ದು?"

ಹೇಳಬೇಕು ಅಂತ ಬಾಯಿ ತೆರೆದೆ.
ತಗಡಿನ ಡಬ್ಬಿಯಲ್ಲಿ ಆ ತುಂಡು ಇತ್ತು, ಸ್ಕ್ರೂಗಳ ಜೊತೆ.

ಆಗಲೇ ಒಬ್ಬ ಹುಡುಗ ಬಂದು ನಿಲ್ಲಿಸಿದ.
ಮೀಸೆ ಇನ್ನೂ ಬರಬೇಕು. ಹೊಸ ಗಾಡಿ,
ಸೀಟಿನ ಕವರ್ ಕೂಡ ತೆಗೆದಿಲ್ಲ.
"ಅಂಕಲ್, ಸ್ಪೀಡ್ ಲಾಕ್ ತೆಗೀತೀರಂತೆ? ಎಷ್ಟು?"

ನಾನು ಇನ್ನೂ ಏನೂ ಅಂದಿರಲಿಲ್ಲ.
ಸಣ್ಣರಂಗಯ್ಯ ಲೋಟ ಕೆಳಗಿಟ್ಟು
ಮೆಲ್ಲಗೆ
ಕಿವಿ ನನ್ನ ಕಡೆಗೆ ತಿರುಗಿಸಿದ.